‘ರೀ’ ಮೀಮಾಂಸೆ: ಮೈಸೂರು ದಂಪತಿಯ ಬೆಳಗಾವಿ ವಾಸವನ್ನು ಕುರಿತ ಒಂದು ಅಪ್ರೌಢ ಪ್ರಬಂಧ

ಪೀಠಿಕೆ

ಪರದೇಶ ಎಂದರೇನು? ಪಾಸ್‌ಪೋರ್ಟು ಬೇಕಾದದ್ದು, ವೀಸಾ ಕೇಳುವಂಥದು ಎಂದೆಲ್ಲ ವಿದ್ವಾಂಸರು ಹೇಳಿದ್ದಾರೆ. ಇವು ಸ್ಥೂಲ ಲಕ್ಷಣಗಳು. ಈ ಪ್ರಬಂಧಕಾರನ ಲಕ್ಷಣ ಹೀಗಿದೆ: ಯಾವ ಊರಿನಲ್ಲಿ ಅರ್ಧ ಕಿಲೋ ಈರುಳ್ಳಿ ತರಲು ಹೋದವನು ಬರಿಗೈಯಲ್ಲಿ ಮರಳುತ್ತಾನೋ ಅದೇ ಪರದೇಶ. ಇದನ್ನೊಪ್ಪಿದರೆ ಅಮೆರಿಕ ಸ್ವದೇಶವಾಗಿಬಿಡುತ್ತದೆ, ಏಕೆಂದರೆ ಅಲ್ಲಿ ತಳ್ಳುಗಾಡಿ ಹಿಡಿದು ತುಟಿ ಬಿಚ್ಚದೆ ಎತ್ತಿಕೊಂಡು ಬರಬಹುದು. ಬೆಳಗಾವಿಯ ಗಣಪತ ಗಲ್ಲಿ ಪರದೇಶವಾಗುತ್ತದೆ. ಶಾಸ್ತ್ರದಲ್ಲಿ ಇದನ್ನು ಇಷ್ಟಾಪತ್ತಿ ಎನ್ನುತ್ತಾರೆ. ಆಪತ್ತು ಹೌದು, ಇಷ್ಟವಾಯಿತು ಎಂದು ಈಗ ಹೇಳಬಹುದು; ಆಗ ಆಗಿರಲಿಲ್ಲ.

ಅಧ್ಯಯನಕ್ಕೆ ಒಳಗಾದವರು ಇಬ್ಬರು. ಮೈಸೂರಿನಲ್ಲಿ ಹುಟ್ಟಿ, ಖಾನಾಪುರದ ಒಂದು ಕಚೇರಿಗೆ ವರ್ಗವಾಗಿ ಬಂದ ಗಂಡಸು (ಮುಂದೆ ‘ಸಂಶೋಧಕ’). ಅವನನ್ನು ಮದುವೆಯಾಗಿ ಮೂರು ತಿಂಗಳಾಗಿದ್ದ ಮಂಡ್ಯದ ಕಡೆಯ ಹೆಂಗಸು (ಮುಂದೆ ‘ಸಹಸಂಶೋಧಕಿ’, ಈ ಸ್ಥಾನಕ್ಕೆ ಆಕೆಯ ಆಕ್ಷೇಪಣೆ ದಾಖಲಾಗಿದೆ). ಕ್ಷೇತ್ರ: ಟಿಳಕವಾಡಿ, ಎರಡನೇ ಗೇಟಿನ ಹತ್ತಿರದ ಬಾಡಿಗೆ ಮನೆ. ಇಲ್ಲಿ ವಿಳಾಸವನ್ನು ರೈಲ್ವೆ ಗೇಟಿನಿಂದ ಎಣಿಸುತ್ತಾರೆ: ಮೊದಲನೇ ಗೇಟು, ಎರಡನೇ ಗೇಟು, ಮೂರನೇ ಗೇಟು. ರೈಲು ಬರುವ ಹೊತ್ತಿಗೆ ಗೇಟಿನ ಆಚೆ ಸಿಕ್ಕಿಕೊಂಡವನಿಗೆ ತನ್ನ ಮನೆಯೂ ಕೆಲಕಾಲ ಪರದೇಶವೇ.

ಪೂರ್ವಪಕ್ಷ

ಇಲ್ಲೊಬ್ಬ ಆಕ್ಷೇಪಿಸುತ್ತಾನೆ: ಬೆಳಗಾವಿ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. 1967ರಲ್ಲಿ ಮಹಾಜನ ಆಯೋಗ ನಗರವನ್ನು ಇಲ್ಲಿಯೇ ಉಳಿಸಬೇಕೆಂದಿತು. 2012ರಲ್ಲಿ ಸುವರ್ಣ ವಿಧಾನಸೌಧ ಎದ್ದಿತು. 2014ರಲ್ಲಿ ಬೆಳಗಾಂ ಹೋಗಿ ಬೆಳಗಾವಿಯಾಯಿತು. ಇನ್ನೂ ಪರದೇಶವೆಂದರೆ ಹೇಗೆ?

ಉತ್ತರ: ಈ ದಾಖಲೆಗಳೆಲ್ಲ ನೆಲ ಯಾರದೆಂದು ಹೇಳುತ್ತವೆಯೇ ಹೊರತು ಈರುಳ್ಳಿಗೆ ಏನೆನ್ನಬೇಕೆಂದು ಹೇಳುವುದಿಲ್ಲ. ಅಲ್ಲದೆ ಈ ಸೀಮೆಗೆ ಪರದೇಶ ಹೊಸದೇನಲ್ಲ. ಖಾನಾಪುರ ತಾಲ್ಲೂಕಿನ ಪಡುವಣ ಕಾಡಿನಾಚೆ 1961ರ ಡಿಸೆಂಬರಿನವರೆಗೆ ಪೋರ್ಚುಗಲ್ಲಿನ ಆಳ್ವಿಕೆಯಿತ್ತು. ಅಷ್ಟು ದೂರವೂ ಬೇಡ. ನಗರಕ್ಕೆ ಅಂಟಿಕೊಂಡೇ ಇರುವ ಶಹಾಪುರ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಬೆಳಗಾವಿಯವರು ಅಲ್ಲಿ ಸೀರೆ ಕೊಂಡು ಸಂಜೆಯ ಚಹಾಕ್ಕೆ ಮನೆಗೆ ಬಂದರೆ ಸಂಸ್ಥಾನವೊಂದನ್ನು ಹೊಕ್ಕು ಹೊರಟಂತಾಗುತ್ತಿತ್ತು.

ಸಿದ್ಧತೆ ಮತ್ತು ಅದರ ವೈಫಲ್ಯ

ದಂಪತಿ ಸಿದ್ಧತೆಯಿಲ್ಲದೆ ಬಂದವರಲ್ಲ. ಬಂಧುಗಳೆಲ್ಲ ‘ಅಲ್ಲಿ ಬರೀ ಮರಾಠಿ’ ಎಂದು ಹೆದರಿಸಿದ್ದರಿಂದ, ಮೂವತ್ತು ದಿನದಲ್ಲಿ ಮರಾಠಿ ಕಲಿಸುವ ಜಾತಿಯ ಪುಸ್ತಕವೊಂದನ್ನು ರೈಲಿನಲ್ಲಿ ಬಾಯಿಪಾಠ ಮಾಡುತ್ತ ಬಂದರು. ಮರಾಠಿ ಕೈಕೊಟ್ಟದ್ದು ಒಂದೇ ಸಲ. ಖಾನಾಪುರದಲ್ಲಿ ಹಿರಿಯರೊಬ್ಬರು ಕುರ್ಚಿ ತೋರಿಸುತ್ತ ‘ಬಸಾ, ಬಸಾ’ ಎಂದಾಗ ಸಂಶೋಧಕ, ‘ಬೇಡಿ ಸಾರ್, ರೈಲಿನಲ್ಲೇ ಹೋಗ್ತೀನಿ’ ಎಂದ. ಕೂತುಕೊಳ್ಳಿ ಎನ್ನುವ ಪಾಠ ಪುಸ್ತಕದ ಒಂಬತ್ತನೇ ದಿನಕ್ಕೆ ಬರುತ್ತಿತ್ತು, ಇವನಿನ್ನೂ ಆರರಲ್ಲಿದ್ದ.

ಉಳಿದ ಪೆಟ್ಟುಗಳೆಲ್ಲ ಬಿದ್ದದ್ದು ಕನ್ನಡದಿಂದ. ಇದೇ ಈ ಪ್ರಬಂಧದ ಮೂಲ ಶೋಧ. ಬೇಲಿ ಕಾಯುತ್ತ ಕೂತವನ ಮನೆಗೆ ಹಿತ್ತಿಲ ಬಾಗಿಲಿನಿಂದ ಕಳ್ಳ ನುಗ್ಗಿದಂತೆ.

ಈರುಳ್ಳಿ ಇಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಬಳ್ಳೊಳ್ಳಿ, ಆಲೂಗಡ್ಡೆ ಬಟಾಟಿ, ಕಡಲೆಕಾಯಿ ಶೇಂಗಾ, ಹುರಿಗಡಲೆ ಪುಠಾಣಿ. ಇವು ಬರೀ ಹೊಸ ಪದಗಳು, ಕಲಿತರಾಯಿತು. ಅಪಾಯವಿರುವುದು ಗೊತ್ತಿರುವ ಪದದಲ್ಲಿ. ಬಂದ ಮೂರನೇ ದಿನ ಸಹಸಂಶೋಧಕಿ, ಕೆಳಗಿನ ಮನೆಯ ಮಾಲಕಿ ಕಾಕೂ ಅವರ ಮಗನಿಗೆ ಮೈಸೂರು ಸೀಮೆಯ ಸಕಲ ಸೌಜನ್ಯದಿಂದ ‘ತಿಂಡಿ ಆಯ್ತಾ?’ ಎಂದಳು. ಈ ಕಡೆ ತಿಂಡಿ ಎಂದರೆ ತುರಿಕೆ. ಜಗಳಕ್ಕೆ ಕೈ ತುರಿಸುವುದಕ್ಕೂ ಅದೇ ಮಾತು. ಹುಡುಗ ಒಂದು ಹೆಜ್ಜೆ ಹಿಂದೆ ಸರಿದ. ‘ನಾಷ್ಟಾ ಅನ್ರೀ ಅಕ್ಕಾರ’ ಎಂದ ಮೇಲೆ ಎರಡು ಮನೆಗಳ ನಡುವೆ ಶಾಂತಿ ನೆಲೆಸಿತು. ಕಾಕೂ ಸ್ಟೀಲ್ ಡಬ್ಬಿಯಲ್ಲಿ ಕುಂದಾ ಕಳಿಸಿದರು. ಆ ಡಬ್ಬಿ ಮೈಸೂರುಪಾಕಿನೊಂದಿಗೆ ಕೆಳಗಿಳಿದು, ಶೇಂಗಾ ಹಿಂಡಿಯೊಂದಿಗೆ ಮೇಲೆ ಹತ್ತಿ, ಇವತ್ತಿಗೂ ಯಾರ ಮನೆಯದೆಂದು ತೀರ್ಮಾನವಾಗದೆ ಓಡಾಡುತ್ತಿದೆ.

‘ರೀ’ ಪ್ರಕರಣ

ಮೈಸೂರು ಸೀಮೆಯಲ್ಲಿ ಒಂಟಿ ‘ರೀ’ಗೆ ಒಬ್ಬನೇ ಒಡೆಯ. ಹೆಂಡತಿ ‘ರೀ’ ಎಂದರೆ ತಿರುಗಬೇಕಾದವನು ಯಾರೆಂಬುದರಲ್ಲಿ ಸಂದೇಹವಿಲ್ಲ. ಹೆಸರು ಹಿಡಿದು ಕರೆಯಲು ನಾಚುವವರ ಪಾಲಿಗೆ ಅದೇ ಹೆಸರು.

ಮೊದಲ ಭಾನುವಾರ ಖಡೇಬಜಾರಿನಲ್ಲಿ ಸಹಸಂಶೋಧಕಿ ಈ ಶಬ್ದವನ್ನು ಪ್ರಯೋಗಿಸಿದಳು. ಬಟ್ಟೆ ಅಂಗಡಿಯವರು ‘ಬರ್ರೀ’ ಎಂದರು. ಬಳೆಗಾರರು ತಿರುಗಿದರು. ಆಟೋದವರು ‘ಎಲ್ಲಿಗ್ರೀ?’ ಎಂದು ಗಾಡಿ ನಿಲ್ಲಿಸಿದರು. ಗಾಡಿಯಲ್ಲಿ ಬಾಳೆಹಣ್ಣು ಮಾರುತ್ತಿದ್ದ ಅಜ್ಜನೂ ತಿರುಗಿದ. ತಿರುಗದವನು ಸಂಶೋಧಕನೊಬ್ಬನೇ. ಬೆಳಗಿನಿಂದ ಊರಿಗೆ ಊರೇ ತನ್ನನ್ನು ‘ರೀ’ ಎನ್ನುತ್ತಿದ್ದುದರಿಂದ ಅವನು ಆ ಶಬ್ದಕ್ಕೆ ಕಿವಿಗೊಡುವುದನ್ನು ಬಿಟ್ಟಿದ್ದ.

ಕಾಕೂ ಅವರಲ್ಲಿ ದೂರು ಹೋಯಿತು. ಮಗುವಿನ ಹೆಸರಿಟ್ಟು ‘ಇಂಥವನಪ್ಪಾ’ ಎಂದು ಕರೆದರಾಯಿತು ಎಂದು ಅವರು ಪರಿಹಾರ ಸೂಚಿಸಿದರು. ಮೂರು ತಿಂಗಳ ಸಂಸಾರಕ್ಕೆ ಈ ಪರಿಹಾರ ಜಾರಿಯಾಗಲು ಕಾಲಾವಕಾಶ ಬೇಕಿತ್ತು.

‘ರೀ’ಯ ಆಳ ಗೊತ್ತಾದದ್ದು ಖಾನಾಪುರದ ಬಸ್ಸಿನಲ್ಲಿ. ಸೀಟಿಗಾಗಿ ಇಬ್ಬರು ಕಾದಾಡುತ್ತಿದ್ದರು. ‘ನಿಮಗ ತಲಿ ಐತೇನ್ರೀ?’ ‘ನಿಮ್ಮಷ್ಟ ಇಲ್ರೀ!’ ದೇಸೂರು ದಾಟಿತು, ಇದಲಹೊಂಡ ದಾಟಿತು, ವಂಶದ ಹಿರಿಯರೆಲ್ಲ ಮಾತಿಗೆ ಬಂದು ಹೋದರು. ‘ರೀ’ ಮಾತ್ರ ಯಾರ ಬಾಯಿಂದಲೂ ಬೀಳಲಿಲ್ಲ. ನಮ್ಮ ಕಡೆ ಜಗಳವಾದಾಗ ಮೊದಲು ಉದುರುವುದೇ ಬಹುವಚನ. ಇಲ್ಲಿ ಅದನ್ನು ಹೆಲ್ಮೆಟ್ಟಿನಂತೆ ಹಾಕಿಕೊಂಡೇ ಹೊಡೆದಾಡುತ್ತಾರೆ.

ಗಣಿತಾಧ್ಯಾಯ

ಮೈಸೂರಿಗ ಒಂದು, ಎರಡು, ಮೂರು ಎಂದು ಎಣಿಸುತ್ತಾನೆ. ಬೆಳಗಾವಿಯವನು ಅವುಗಳ ನಡುವಿನ ಸಂದುಗಳಲ್ಲಿ ವಾಸಿಸುತ್ತಾನೆ. ಕಾಲು ಹೆಚ್ಚಾದರೆ ಸವ್ವಾ, ಅರ್ಧ ಹೆಚ್ಚಾದರೆ ಸಾಡೇ, ಕಾಲು ಕಡಿಮೆಯಾದರೆ ಪಾವಣೆ, ಒಂದೂವರೆಗೆ ದೀಡ, ಎರಡೂವರೆಗೆ ಅಡೀಚ.

‘ನಾಳಿ ಪಾವಣೆ ಒಂಬತ್ತಕ್ಕ ಠೇಶನ್ಯಾಗ ಇರ್ರಿ’ ಎಂದರು ಸಹೋದ್ಯೋಗಿ. ಪಾವು ಎಂದರೆ ಅಕ್ಕಿ ಅಳೆಯುವುದು, ಸೇರಿನ ಕಾಲುಭಾಗ. ಆದ್ದರಿಂದ ಒಂಬತ್ತಕ್ಕೆ ಕಾಲು ಸೇರಿಸಬೇಕು ಎಂದು ಸಂಶೋಧಕ ತರ್ಕಿಸಿದ. ತರ್ಕ ನಿರ್ದುಷ್ಟವಾಗಿತ್ತು. ರೈಲು ಹೋಗಿತ್ತು.

ಎರಡನೆಯ ಪ್ರಯೋಗ ಚಾಪೆ ಕೊಳ್ಳುವಾಗ. ಬೆಲೆ ಕೇಳಿದರೆ ಅಂಗಡಿಯವರು ‘ಅಡೀಚನೂರ್ರೀ’ ಎಂದರು. ಸಂಶೋಧಕನ ಕಿವಿಗೆ ಬಿದ್ದದ್ದು ‘ಅಡಿಗೆ ನೂರು’. ಚಾಪೆಯನ್ನು ಗೇಣಿನಿಂದ ಅಳೆದ. ಆರಡಿ. ದುಬಾರಿಯೆನಿಸಿದರೂ ಪರದೇಶದಲ್ಲಿ ಚೌಕಾಸಿ ಸಲ್ಲದೆಂದು ಆರುನೂರು ಎಣಿಸಿಟ್ಟ. ಅಂಗಡಿಯವರು ಸ್ವಲ್ಪ ಹೊತ್ತು ಅವನ ಮುಖ ನೋಡಿದರು. ಮುನ್ನೂರೈವತ್ತು ಹಿಂದಿರುಗಿಸಿ, ‘ಹೊಸದಾಗಿ ಬಂದೀರೇನ್ರೀ?’ ಎಂದು ಚಹಾ ತರಿಸಿದರು. ಆ ಚಹಾವನ್ನು ಬಸಿಗೆ ಸುರಿದು ಕುಡಿಯುವುದನ್ನು ಕಲಿತದ್ದು ಅಂದೇ.

ವರುಣಾಧ್ಯಾಯ

ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಅಲ್ಲಿಂದ ಸವದತ್ತಿಯ ನವಿಲುತೀರ್ಥದ ಅಣೆಕಟ್ಟೆಗೆ ಸಾಗುತ್ತಾಳೆಂದು ಭೂಗೋಳದ ಪುಸ್ತಕ ಹೇಳುತ್ತದೆ. ಜುಲೈ ತಿಂಗಳಲ್ಲಿ ಆಕೆಯ ಒಂದು ಪಾಲು ಸಂಶೋಧಕನ ಪ್ಯಾಂಟಿನಲ್ಲಿ ಬೆಳಗಾವಿಗೂ ಬರುತ್ತದೆಂದು ಹೇಳುವುದಿಲ್ಲ. ಖಾನಾಪುರದ ಜೇಡಿಮಣ್ಣು ಹಂಚು, ಮಡಕೆಗಳಿಗೆ ಹೆಸರುವಾಸಿ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಕೇಂದ್ರವೂ ಅಲ್ಲಿದೆ. ಆ ಮಣ್ಣಿನ ಅಂಟುಗುಣವನ್ನು ಮೆಟ್ಟಿಲ ಮೇಲಿನ ಬೂಟಿನ ಗುರುತುಗಳಿಂದ ಸಹಸಂಶೋಧಕಿ ಸ್ವತಂತ್ರವಾಗಿ ದೃಢಪಡಿಸಿದ್ದಾಳೆ.

ಇಷ್ಟು ಮಳೆಯಿದ್ದೂ ನೀರಿಗೆ ಕಾಯಬೇಕು. ನಗರಕ್ಕೆ ನೀರು ರಾಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳಿಂದ; ನಮ್ಮ ಗಲ್ಲಿಗೆ ಕೆಲವು ದಿನಗಳಿಗೊಮ್ಮೆ. ಮೈಸೂರಿನಲ್ಲಿ ನಲ್ಲಿಯಲ್ಲಿ ನೀರು ಬರುತ್ತದೆ. ಇಲ್ಲಿ ‘ನಳಾ ಬಂದಾವು’ ಎನ್ನುತ್ತಾರೆ, ನೀರಲ್ಲ, ನಳವೇ ಬರುತ್ತದೆ, ಅದೂ ಬಹುವಚನದಲ್ಲಿ. ಅಷ್ಟು ಗೌರವ ಅದಕ್ಕೆ ಸಲ್ಲತಕ್ಕದ್ದೇ.

ಶಬ್ದಪ್ರಮಾಣ

ಒಂದು ದಿನ ಸಹಸಂಶೋಧಕಿ ಬಿಸಿಬೇಳೆಬಾತ್ ಮಾಡಿ ಕೆಳಗೆ ಕಳಿಸಿದಳು. ಕಾಕೂ ತಿಂದು ‘ಅಡ್ಡಿಯಿಲ್ಲ’ ಎಂದರು. ಮಂಡ್ಯದ ಕಿವಿಗೆ ಅದು ‘ತಿನ್ನಲು ನಮ್ಮ ಅಭ್ಯಂತರವಿಲ್ಲ’ ಎಂಬಂತೆ ಕೇಳಿಸಿತು. ರಾತ್ರಿ ಊಟ ಮಾಡಲಿಲ್ಲ. ಆ ಮಾತು ಇಲ್ಲಿ ಮೆಚ್ಚುಗೆಯೆಂದು ತಿಳಿಯಲು ಒಂದು ವಾರ ಹಿಡಿಯಿತು.

ಸಂಶೋಧಕ ಸಮಾಧಾನ ಹೇಳಿದ: ‘ಇವರದು ಸರಿಯಾದ ಕನ್ನಡ ಅಲ್ಲ ಕಣೇ, ನಮ್ಮದು ಪುಸ್ತಕದ ಕನ್ನಡ.’ ಹೇಳಿದವನು ಪುಸ್ತಕ ತೆಗೆಯಬಾರದಿತ್ತು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ, ಕನ್ನಡಗಳು ಒಂದೆರಡಲ್ಲ, ಸಾವಿರ ನಾಲಗೆಯ ವಾಸುಕಿಯೂ ಬೇಸರಪಡುವಷ್ಟು ಇವೆ ಎನ್ನುತ್ತದೆ. ಇದನ್ನು ಸಹಿಸಬಹುದು. ಆದರೆ ಕನ್ನಡದ ತಿರುಳು ಯಾವುದೆಂದು ಎಲ್ಲೆ ಗುರುತಿಸುತ್ತ ಅದು ಹೆಸರಿಸುವ ನಾಲ್ಕು ಊರುಗಳು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಮೈಸೂರಿಲ್ಲ. ಮಂಡ್ಯವಿಲ್ಲ. ಒಕ್ಕುಂದವನ್ನು ನಕ್ಷೆಯಲ್ಲಿ ಹುಡುಕಿದರೆ ಅದು ಬೈಲಹೊಂಗಲದ ಕಡೆ, ಬೆಳಗಾವಿ ಜಿಲ್ಲೆಯಲ್ಲಿಯೇ ಇದೆ. ಸಹಸಂಶೋಧಕಿ ಪುಸ್ತಕವನ್ನೂ ನೋಡಿದಳು, ಸಂಶೋಧಕನನ್ನೂ ನೋಡಿದಳು. ಮರುದಿನದಿಂದ ಆಕೆ ಉಳ್ಳಾಗಡ್ಡಿ ಎನ್ನತೊಡಗಿದಳು.

ಮೌಖಿಕ ಪರೀಕ್ಷೆ

ಪ್ರಬಂಧವನ್ನು ಕಾಕೂ ಅವರೆದುರು ಓದಲಾಯಿತು. ಅವರು ಅವರೆಕಾಯಿ ಸುಲಿಯುತ್ತ ಪೂರ್ತಿ ಕೇಳಿದರು. ‘ಅಡ್ಡಿಯಿಲ್ಲರೀ ಸರ’ ಎಂದರು. ಆಮೇಲೆ, ‘ಇಷ್ಟ ಬರದದ್ದಕ್ಕ ಪಗಾರ ಎಷ್ಟ ಜಾಸ್ತಿ ಆಗ್ತೈತಿ?’ ಎಂದು ಕೇಳಿದರು. ಸಂಶೋಧಕ ಜ್ಞಾನದ ನಿಷ್ಪ್ರಯೋಜಕತೆಯ ಹಿರಿಮೆಯನ್ನು ವಿವರಿಸಲು ಗಂಟಲು ಸರಿಮಾಡಿಕೊಳ್ಳುತ್ತಿರುವಾಗ ಹಿತ್ತಿಲಿನಿಂದ ಕೂಗು ಕೇಳಿತು: ‘ರೀ! ನಳಾ ಬಂದಾವ್ರೀ!’

ಗಲ್ಲಿಯ ಎಲ್ಲ ಬಾಗಿಲುಗಳೂ ತೆರೆದವು. ಅಪ್ಪಟ ಬೆಳಗಾವಿ ದನಿಯ ಆ ಕೂಗು ಪಕ್ಕದ ಮನೆಯವರದೆಂದುಕೊಂಡು ಸಂಶೋಧಕ ಕೂತೇ ಇದ್ದ. ಮತ್ತೊಮ್ಮೆ ಕೂಗು ಬಂತು. ಈ ಸಲ ಜೊತೆಗೆ ಖಾಲಿ ಕೊಡವೂ ಬಂತು.