ಐಗಳಿಯ ಚಳಿಗೆ ಪುಣೆಯ ಆವರೇಜು

ಬೆಳಗಾವಿ ಜಿಲ್ಲೆಯ ಅಥಣಿ ಕಡೆಯ ಐಗಳಿಯಲ್ಲಿ ಹೊಸ ಕಾರು ಬಂದ ದಿನ ನಾಲ್ಕೂ ಟೈರಿನ ಕೆಳಗೆ ನಿಂಬೆಹಣ್ಣು ಇಡುತ್ತಾರೆ. ಹಣ್ಣು ಪಚಕ್ಕನೆ ಒಡೆದು, ಬಾನೆಟ್ಟಿಗೆ ಕುಂಕುಮ ಹತ್ತಿ, ಮಾಲೀಕ ಇನ್ನೂ ಸೀಟಿನ ಪ್ಲಾಸ್ಟಿಕ್ ಕವರಿನ ಮೇಲೆ ಜಾರುತ್ತ ಕೂತಿರುವಾಗಲೇ ಕಟ್ಟೆಯ ಮೇಲಿನಿಂದ ಪ್ರಶ್ನೆ ಹಾರಿ ಬರುತ್ತದೆ: "ಆವರೇಜ್ ಎಷ್ಟ ಕೊಡ್ತೈತ್ರಿ?" ಏರ್‌ಬ್ಯಾಗ್ ಎಷ್ಟಿವೆ, ಬ್ರೇಕ್ ಹೇಗೆ ಹಿಡಿಯುತ್ತದೆ ಎಂದು ಯಾರೂ ಕೇಳುವುದಿಲ್ಲ. ಅದೆಲ್ಲ ದೇವರ ಖಾತೆ. ನಿಂಬೆಹಣ್ಣು ಇಟ್ಟದ್ದು ಅದಕ್ಕೇ. ಆವರೇಜ್ ಮಾತ್ರ ಮನುಷ್ಯರ ವ್ಯವಹಾರ.

ಮಾಲೀಕನೂ ಸುಮ್ಮನೆ 'ಇಪ್ಪತ್ತೈದು' ಎಂದು ತೇಲಿಸುವುದಿಲ್ಲ. 2024ರ ಸ್ವಿಫ್ಟ್ ತಂದವನಾದರೆ, ಕೈಯಿಂದ ಗೇರ್ ಹಾಕುವ ಗಾಡಿಗೆ 24.80, ತಾನೇ ಗೇರ್ ಹಾಕಿಕೊಳ್ಳುವ ಗಾಡಿಗೆ 25.75 ಎಂದು ಕಂಪನಿ ಅಚ್ಚು ಹಾಕಿಸಿದ್ದನ್ನು ಬಾಯಿಪಾಠ ಒಪ್ಪಿಸುತ್ತಾನೆ. ಎಕರೆಗೆ ದ್ರಾಕ್ಷಿ ಎಷ್ಟು ಬಂತು ಎಂದು ಕೇಳಿದರೆ 'ಏನೋ ನಡದೈತ್ರಿ' ಎಂದು ಟನ್ನುಗಟ್ಟಲೆ ನುಂಗಿಬಿಡುವ ಮನುಷ್ಯ, ಇಲ್ಲಿ ಪಾಯಿಂಟ್ ಏಳು ಐದನ್ನೂ ಬಿಟ್ಟುಕೊಡುವುದಿಲ್ಲ. ಡಿಸೆಂಬರ್ ಬರುವಷ್ಟರಲ್ಲಿ ಅದೇ ಕಟ್ಟೆ, ಅದೇ ಬಾಯಿ: "ಹದಿನಾಕ್ ಸೈತ ಬರವಲ್ದೋ ಮಾರಾಯಾ! ಕಂಪನ್ಯಾವ್ರು ಟೋಪಿ ಹಾಕ್ಯಾರ."

ಕಂಪನಿಯವರು ಟೋಪಿ ಹಾಕಿಲ್ಲ. ಪುಣೆಯಂಥ ಕಡೆ ಬಂದ ಅಂಕಿಯನ್ನು ಐಗಳಿಗೆ ತಂದುಕೊಟ್ಟಿದ್ದಾರೆ, ಅಷ್ಟೇ. ಪುಣೆಯ ಕೋಥ್ರೂಡಿನಲ್ಲಿ 1966ರಿಂದ ಎ.ಆರ್.ಎ.ಐ. ಎಂಬ ವಾಹನ ಪರೀಕ್ಷಿಸುವ ಸಂಸ್ಥೆ ಇದೆ. ಇಂಥ ಕಡೆ ಗಾಡಿಯನ್ನು ಉರುಳೆಗಳ ಮೇಲೆ ನಿಲ್ಲಿಸಿ, ನಿಂತಲ್ಲೇ ಓಡಿಸುತ್ತಾರೆ. ಒಟ್ಟು 1,180 ಸೆಕೆಂಡುಗಳ ಓಟ, ಹತ್ತೂವರೆ ಕಿಲೋಮೀಟರಿನ ಆಸುಪಾಸು. ಸರಾಸರಿ ವೇಗ ಗಂಟೆಗೆ 32 ಕಿ.ಮೀ. ಚಿಲ್ಲರೆ, ಗರಿಷ್ಠ 90. ಎ.ಸಿ. ಬಂದ್. ಕೋಣೆಯ ಉಷ್ಣಾಂಶ 20ರಿಂದ 30 ಡಿಗ್ರಿಯ ನಡುವೆ. ಎದುರುಗಾಳಿಯ ಪಾತ್ರವನ್ನು ಉರುಳೆಗಳೇ ವಹಿಸುತ್ತವೆ. ಇನ್ನೂ ಸೊಗಸೆಂದರೆ ಅಲ್ಲಿ ಪೆಟ್ರೋಲನ್ನು ಅಳೆಯುವುದಿಲ್ಲ. ಸೈಲೆನ್ಸರಿನಿಂದ ಬಂದ ಹೊಗೆಯನ್ನು ಹಿಡಿದು, ಅದರಲ್ಲಿರುವ ಇಂಗಾಲದ ಲೆಕ್ಕ ಹಾಕಿ, ಎಂಜಿನ್ ಎಷ್ಟು ಕುಡಿದಿರಬೇಕು ಎಂದು ತೀರ್ಮಾನಿಸುತ್ತಾರೆ. ಹಿಂದಿನ ಸೀಟಿನಲ್ಲಿ ಮಾವನ ಮನೆಯವರಿಲ್ಲ, ಡಿಕ್ಕಿಯಲ್ಲಿ ಜೋಳದ ಚೀಲವಿಲ್ಲ, ಮುಂದೆ ಕಬ್ಬಿನ ಟ್ರ್ಯಾಕ್ಟರ್ ಇಲ್ಲ. ಎಲ್ಲ ಕಂಪನಿಯ ಗಾಡಿಗಳನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿ ಹೋಲಿಸಲಿಕ್ಕೆಂದು ಮಾಡಿದ ಪರೀಕ್ಷೆ ಅದು. ನಾವು ಅದನ್ನು ವರದಕ್ಷಿಣೆ ಮಾತುಕತೆಯಲ್ಲಿ ಒಪ್ಪಿಕೊಂಡ ಮೊತ್ತ ಎಂದು ಭಾವಿಸಿ, ಕಡಿಮೆ ಬಿದ್ದದ್ದಕ್ಕೆ ಜಗಳ ತೆಗೆಯುತ್ತೇವೆ.

ಜಗಳಕ್ಕೆ ಮುಂಚೆ ನಾವು ಆ ಗಾಡಿಗೆ ಏನು ಮಾಡಿದೆವು ಎಂಬುದನ್ನೂ ನೋಡಬೇಕಲ್ಲ?

ಮೊದಲ ಕೆಲಸ, ಟೈರ್ ಬದಲಿಸುವುದು. ಕಂಪನಿ ಹಾಕಿಕೊಟ್ಟ ಟೈರು ನಮ್ಮವರ ಕಣ್ಣಿಗೆ ಯಾವಾಗಲೂ ಸಣಕಲು. "ಏನ್ರೀ ಇದು, ಸೈಕಲ್ ಟಾಯರ್ ಇದ್ದಂಗೈತಿ" ಎಂದು ಯಾರೋ ಅಂದರೆ ಮುಗಿಯಿತು, ಮರುದಿನ ಗಾಡಿ ಮಿರಜ್ ಕಡೆಗೋ ವಿಜಯಪುರದ ಕಡೆಗೋ ಹೊರಡುತ್ತದೆ. ಟೈರಿನ ಪಕ್ಕೆಯ ಮೇಲೆ 185/65 ಆರ್ 15 ಎಂದು ಬರೆದಿರುತ್ತದಲ್ಲ, ಅದರಲ್ಲಿ ಮೊದಲನೆಯದು ಅಗಲ, ಮಿಲಿಮೀಟರಿನಲ್ಲಿ; ಎರಡನೆಯದು ಪಕ್ಕೆಯ ಎತ್ತರ, ಅಗಲದ ಶೇಕಡಾವಾರಿನಲ್ಲಿ; ಕೊನೆಯದು ರಿಮ್ಮು, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮೂರು ಥರದ ಅಳತೆ ಬೆರೆಸಿದವನಿಗೆ ತಲಾಟಿ ಕಚೇರಿಯಲ್ಲಿ ಕೆಲಸ ಮಾಡಿದ ಅನುಭವ ಇದ್ದಿರಬೇಕು. ಲೆಕ್ಕ ಮಾಡಿದರೆ ಈ ಟೈರಿನ ಪೂರ್ತಿ ಎತ್ತರ 621.5 ಮಿ.ಮೀ. ಕಡಿಮೆ ಬೆಲೆಯ ಸ್ವಿಫ್ಟಿಗೆ ಬರುವ 165/80 ಆರ್ 14ರದು 619.6. ಅಂದರೆ ರಿಮ್ಮು ಒಂದಿಂಚು ದೊಡ್ಡದಾದರೂ ಒಟ್ಟು ಎತ್ತರ ಎರಡು ಮಿ.ಮೀ. ಕೂಡ ಹೆಚ್ಚಾಗದಂತೆ ಕಂಪನಿಯ ಎಂಜಿನಿಯರು ಲೆಕ್ಕ ಹಾಕಿದ್ದಾನೆ. ಆ ಬಡಪಾಯಿಗೆ ಐಗಳಿ ಕಟ್ಟೆಯ ಅಭಿಪ್ರಾಯ ಗೊತ್ತಿರಲಿಲ್ಲ.

ಕಟ್ಟೆಯ ಅಭಿಪ್ರಾಯದಂತೆ ನೀವು 205/65 ಆರ್ 15 ಹಾಕಿಸುತ್ತೀರಿ. ಎತ್ತರ 647.5 ಮಿ.ಮೀ. ಆಯಿತು, ಶೇ 4ಕ್ಕಿಂತ ತುಸು ಹೆಚ್ಚು. ಗಾಡಿಯ ಮೀಟರು ರಸ್ತೆಯನ್ನು ನೋಡುವುದಿಲ್ಲ; ಗಾಲಿ ಎಷ್ಟು ಸುತ್ತು ತಿರುಗಿತು ಎಂಬುದರ ಮೇಲೆ ಹಳೆಯ ಟೈರಿನ ಲೆಕ್ಕದಲ್ಲಿ ಕಿಲೋಮೀಟರ್ ಬರೆಯುತ್ತದೆ. ಹಾಗಾಗಿ ನೀವು ನಿಜವಾಗಿ 100 ಕಿ.ಮೀ. ಓಡಿದರೆ ಮೀಟರು 96 ಎನ್ನುತ್ತದೆ. ನಾಲ್ಕು ಕಿಲೋಮೀಟರು ಟೈರಿನ ಅಂಚಿನಲ್ಲೇ ಅಡಗಿಕೊಂಡವು, ಪೆಟ್ರೋಲು ಮಾತ್ರ ನೂರಕ್ಕೂ ಸುಟ್ಟಿತು. ಇದು ಬರೀ ಬರಹದ ಲುಕ್ಸಾನು. ನಿಜವಾದ ಲುಕ್ಸಾನು ಬೇರೆ ಇದೆ: ಅಗಲ ಟೈರು ಭಾರ ಜಾಸ್ತಿ, ತಿರುಗಿಸಲು ಎಂಜಿನ್ ಹೆಚ್ಚು ತಿಣುಕಬೇಕು, ಗಾಳಿಗೂ ಹೆಚ್ಚು ಎದೆ ಕೊಡಬೇಕು. ಸುಡುವ ಇಂಧನದ ಶಕ್ತಿಯಲ್ಲಿ ಶೇ 4ರಿಂದ 7ರಷ್ಟು ಬರೀ ಟೈರು ಉರುಳಿಸುವುದಕ್ಕೇ ಹೋಗುತ್ತದೆ. ಅದನ್ನು ನಾವು ದುಡ್ಡು ಕೊಟ್ಟು ಹೆಚ್ಚಿಸಿಕೊಂಡಿದ್ದೇವೆ. ಇಷ್ಟಕ್ಕೂ ಒಂದು ಲಾಭವಿದೆ, ಮುಚ್ಚಿಡಬಾರದು. ಗಾಡಿ ಮಾರುವಾಗ ಓಡಿದ ಕಿಲೋಮೀಟರು ಕಡಿಮೆ ಕಾಣುತ್ತದೆ. ಇನ್ನೊಂದು ಕಡೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸಬೇಡಿ ಎನ್ನುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಒತ್ತಿ ಹೇಳಿತು. ಹೆಲ್ಮೆಟ್ಟನ್ನು ಹ್ಯಾಂಡಲ್ಲಿಗೆ ಹಾಕಿಕೊಂಡು ಹೋಗುವ ಸೀಮೆಯಲ್ಲಿ ಕಲಮುಗಳ ಮಾತು ಹೆಚ್ಚು ಬೇಡ.

ಟೈರಿನ ಮೇಲೆ ತಪ್ಪು ಹೊರಿಸಿದರೆ ಗತ್ತು ಹೋಗುತ್ತದೆ. ಆದ್ದರಿಂದ ಈಗ ಚಳಿಯನ್ನು ಹಿಡಿದಿದ್ದಾರೆ. ಈ ಚಳಿ ನಮ್ಮದಲ್ಲ, ಆಮದು ಮಾಲು. ಊರಿಗೊಬ್ಬ ಹುಡುಗ ಅಮೆರಿಕಕ್ಕೋ ಕೆನಡಕ್ಕೋ ಹೋಗಿರುತ್ತಾನೆ. ಅವನು ವಿಡಿಯೊ ಕರೆಯಲ್ಲಿ 'ಇಲ್ಲಿ ಚಳಿಗಾಲದಾಗ ಮೈಲೇಜ್ ಭಾಳ ಬೀಳ್ತೈತಿ' ಎಂದಿರುತ್ತಾನೆ. ಅವನು ಹೇಳಿದ್ದು ಅಲ್ಲಿಗೆ ನಿಜ. ಅಮೆರಿಕದ ಇಂಧನ ಇಲಾಖೆಯ ಪ್ರಕಾರ ಹೊರಗಿನ ಉಷ್ಣಾಂಶ ಸೊನ್ನೆಗಿಂತ 7 ಡಿಗ್ರಿ ಕೆಳಗಿದ್ದರೆ, ಪಟ್ಟಣದ ಓಡಾಟದಲ್ಲಿ ಪೆಟ್ರೋಲ್ ಕಾರಿನ ಮೈಲೇಜು 25 ಡಿಗ್ರಿಯಲ್ಲಿ ಸಿಗುವುದಕ್ಕಿಂತ ಶೇ 15ರಷ್ಟು ಕಡಿಮೆ. ಐದಾರು ಕಿಲೋಮೀಟರಿನ ಸಣ್ಣ ಓಡಾಟವಾದರೆ ಶೇ 24ರವರೆಗೂ ಬೀಳಬಹುದು. ಎಂಜಿನ್ ಆಯಿಲು ಗಟ್ಟಿಯಾಗಿರುತ್ತದೆ, ಎಂಜಿನ್ ಬಿಸಿಯಾಗುವವರೆಗೆ ಹೆಚ್ಚು ಇಂಧನ ಕುಡಿಯುತ್ತದೆ, ತಣ್ಣನೆಯ ಗಾಳಿ ದಟ್ಟವಾಗಿ ಗಾಡಿಯನ್ನು ತಡೆಯುತ್ತದೆ, ಹಿಮದ ಟೈರು ಬೇರೆ. ಈ ಮಾತನ್ನು ಕೇಳಿಸಿಕೊಂಡ ತಂದೆ, ಮರುದಿನ ಅಥಣಿ–ವಿಜಯಪುರ ರಸ್ತೆಯಲ್ಲಿ, ಮಧ್ಯಾಹ್ನ ಕಿಟಕಿ ಇಳಿಸಿ ಬೆವರು ಒರೆಸಿಕೊಳ್ಳುತ್ತ, "ಥಂಡಿ ಐತ್ರಿ, ಅದಕ್ಕ ಆವರೇಜ್ ಬಿದ್ದೈತಿ" ಎನ್ನುತ್ತಾನೆ.

ನಮ್ಮ ಚಳಿಗಾಲ ಮೈಲೇಜಿಗೆ ಉಪಕಾರಿಯೇ. ಎ.ಸಿ. ಬೇಡ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ಬಿಸಿಲಲ್ಲಿ ನಿಂತು ಒಲೆಯಾದ ಕಾರನ್ನು ತಂಪು ಮಾಡಲು ಸುಡುವ ಪೆಟ್ರೋಲಿನ ಮುಂದೆ ಐಗಳಿಯ ಡಿಸೆಂಬರ್ ಸಾಧು ಪ್ರಾಣಿ. ರಾತ್ರಿಯಿಂದ ಬೆಳಗಿನವರೆಗೆ ಮಾತ್ರ ಪುಣೆಯ 20 ಡಿಗ್ರಿಯ ಕೆಳಗಿರುತ್ತದೆ. ಸರಿಯಾಗಿ ಆ ಬೆಳಗಿನ ಹೊತ್ತಿಗೇ ನಾವು ಕಾರು ತೆಗೆಯುವುದು! ಇಲ್ಲಿ ಅರ್ಧ ಊರು ಊರಲ್ಲಿಲ್ಲ, ತೋಟದ ವಸ್ತಿಯಲ್ಲಿದೆ. ವಸ್ತಿಯಿಂದ ಊರಿಗೆ ಎರಡು ಕಿಲೋಮೀಟರು, ಚಹಾಕ್ಕೆ. ಅದಕ್ಕೂ ಮುಂಚೆ ಹತ್ತು ನಿಮಿಷ ಗಾಡಿ ಚಾಲೂ ಇಟ್ಟು 'ಕಾಯಿಸುವುದು'. ಇದು ಹಳೆಯ ಕಾರ್ಬ್ಯುರೇಟರ್ ಕಾಲದ ಶಾಸ್ತ್ರ; ಈಗಿನ ಗಾಡಿಗೆ ಅರ್ಧ ನಿಮಿಷ ಸಾಕು, ಆಮೇಲೆ ಮೆಲ್ಲಗೆ ಓಡಿಸುತ್ತಲೇ ಬಿಸಿ ಮಾಡಬೇಕು. ನಿಂತ ಗಾಡಿಯ ಆವರೇಜ್ ಲೀಟರಿಗೆ ಸೊನ್ನೆ ಕಿಲೋಮೀಟರ್. ಈ ಅಂಕಿಗೆ ದಶಮಾಂಶವೂ ಬೇಕಿಲ್ಲ. ಎಂಜಿನ್ ಬೆಚ್ಚಗಾಗುವಷ್ಟರಲ್ಲಿ ಚಹಾದಂಗಡಿ ಬಂತು. ಚಹಾ ಮುಗಿಯುವಷ್ಟರಲ್ಲಿ ಎಂಜಿನ್ ಆರತೊಡಗಿತು. ವಾಪಸು ತೋಟ. ಮಧ್ಯೆ 500 ರೂಪಾಯಿಯ ಪೆಟ್ರೋಲ್, ಮುಂದಿನ ಸಲ ಇನ್ನೊಂದು 500. ಟ್ಯಾಂಕು ಬಾಯಿತುಂಬ ಯಾವತ್ತೂ ತುಂಬಿಲ್ಲ, ಮೀಟರು ಬರೆದಿಟ್ಟಿಲ್ಲ. ಆದರೂ 'ಹದಿನಾಕ್ ಸೈತ ಬರವಲ್ದು' ಎಂಬ ಅಂಕಿ ಎಲ್ಲಿಂದ ಬಂತು ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ಪುಣೆಯವರು ಹೊಗೆಯನ್ನಾದರೂ ಅಳೆದರು.

ಚಳಿಗಾಲದಲ್ಲಿ ನಮ್ಮ ಮೈಲೇಜನ್ನು ತಿನ್ನುವ ಜೀವಿ ಬೇರೆಯೇ ಇದೆ. ಅದರ ಹೆಸರು ಕಬ್ಬು. ನವೆಂಬರ್ ಹತ್ತಿರವಾಗಿ ಕಾರ್ಖಾನೆಗಳು ಹೊಗೆ ಬಿಟ್ಟವೆಂದರೆ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಯ ರಸ್ತೆಗಳೆಲ್ಲ ಡಬಲ್ ಟ್ರಾಲಿಗಳ ಸ್ವತ್ತು. ಮುಂದೆ ಟ್ರ್ಯಾಕ್ಟರು, ಅದರ ಹಿಂದೊಂದು ಟ್ರಾಲಿ, ಅದಕ್ಕಿನ್ನೊಂದು ಟ್ರಾಲಿ, ಎರಡರಲ್ಲೂ ಆಕಾಶಕ್ಕೆ ಮುಟ್ಟುವ ಕಬ್ಬು. ಹಿಂದೆ ಕೆಂಪು ದೀಪ ಇರಲೇಬೇಕೆಂದೇನಿಲ್ಲ, ಸ್ಪೀಕರ್ ಇರಲೇಬೇಕು. ಗಂಟೆಗೆ ಹದಿನೈದರ ವೇಗದಲ್ಲಿ ಅವು ಸಾಗುತ್ತಿದ್ದರೆ, ಹಿಂದೆ ನಿಮ್ಮ ಲೀಟರಿಗೆ 25.75ರ ಗಾಡಿ ಎರಡನೇ ಗೇರಿನಲ್ಲಿ ಜಾನಪದ ಡಿ.ಜೆ. ಹಾಡು ಕೇಳುತ್ತ ಹೋಗಬೇಕು. ಹಿಂದಿಕ್ಕಲು ಒಮ್ಮೆ ಒತ್ತುತ್ತೀರಿ, ಎದುರಿಗೆ ಖಾಲಿ ಟ್ರಾಲಿ ಬರುತ್ತದೆ, ಬ್ರೇಕು. ಮತ್ತೆ ಒತ್ತುತ್ತೀರಿ, ರಸ್ತೆ ಉಬ್ಬು, ಬ್ರೇಕು. ಇದರ ನಡುವೆ ಕೋಕಟನೂರ ಯಲ್ಲಮ್ಮನ ಜಾತ್ರೆ ಬಂದರೆ ಐವರ ಗಾಡಿಯಲ್ಲಿ ಒಂಬತ್ತು ಮಂದಿ, ಜೊತೆಗೆ ಬುತ್ತಿಗಂಟು.

ರಸ್ತೆಯ ಮೇಲೆ ತಿಂದದ್ದು ಕಬ್ಬಿಗೆ ಸಾಲದು. ಅದು ಕಾರ್ಖಾನೆಯೊಳಗೆ ಹೋಗಿ, ಅರೆಸಿಕೊಂಡು, ಎಥೆನಾಲ್ ಆಗಿ, ಪೆಟ್ರೋಲಿನಲ್ಲಿ ಶೇ 20ರಷ್ಟು ಬೆರೆತು ನಮ್ಮ ಟ್ಯಾಂಕಿಗೇ ಮರಳುತ್ತದೆ. ಲೀಟರ್ ಪೆಟ್ರೋಲಿನಲ್ಲಿ ಇರುವ ಶಕ್ತಿಗಿಂತ ಲೀಟರ್ ಎಥೆನಾಲಿನಲ್ಲಿ ಮೂರನೇ ಒಂದು ಪಾಲು ಕಡಿಮೆ. 2025ರಲ್ಲಿ ವಾಹನ ಮಾಲೀಕರು ಗದ್ದಲ ಎಬ್ಬಿಸಿದಾಗ ಕೇಂದ್ರ ಸರ್ಕಾರವೇ ಹೇಳಿತು: ಈ ಮಿಶ್ರಣಕ್ಕೆ ಹೊಂದಿಸಿದ ಹೊಸ ಗಾಡಿಗಳಲ್ಲಿ ಶೇ 1ರಿಂದ 2, ಉಳಿದವುಗಳಲ್ಲಿ ಶೇ 3ರಿಂದ 6ರಷ್ಟು ಮೈಲೇಜು ಇಳಿಯಬಹುದು. ಬೆಲೆ ಇಳಿಯುವ ಬಗ್ಗೆ ಪಂಪಿನ ಫಲಕಕ್ಕೆ ಯಾರೂ ಏನೂ ಹೇಳಿದಂತಿಲ್ಲ. ಹಾಗೆಂದು ಕಬ್ಬು ಬೆಳೆದವನ ಜೇಬು ತುಂಬಿತೆಂದುಕೊಳ್ಳಬೇಡಿ. ಅದೇ ವರ್ಷದ ನವೆಂಬರಿನಲ್ಲಿ ನಮ್ಮದೇ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿ ದಿನಗಟ್ಟಲೆ ಕೂತ ರೈತರಿಗೆ 3,300ರ ಮಾತು ಸಿಕ್ಕಿತು. ಬೆಳೆಯುವಾಗ ಬೆಲೆಗೆ ಕೂಗಬೇಕು, ಸಾಗಿಸುವಾಗ ಬೈಸಿಕೊಳ್ಳಬೇಕು, ಕೊನೆಗೆ ತಾನೇ ಬೆಳೆದದ್ದನ್ನು ಪೆಟ್ರೋಲಿನ ದರದಲ್ಲಿ ತನ್ನದೇ ಗಾಡಿಗೆ ಹಾಕಿಸಿಕೊಂಡು 'ಆವರೇಜ್ ಯಾಕ್ ಬರವಲ್ದು' ಎಂದು ತಲೆ ಕೆರೆದುಕೊಳ್ಳಬೇಕು. ಇಂಥ ಸುತ್ತನ್ನು ಯಾವ ಟೈರೂ ಸುತ್ತಿರಲಾರದು.

ಎಥೆನಾಲನ್ನು ನಾವು ಸೋಸಿ ತೆಗೆಯಲಾರೆವು, ಟ್ರಾಲಿಯನ್ನು ಹಾರಿ ದಾಟಲಾರೆವು. ನಮ್ಮ ಕೈಯಲ್ಲಿ ಉಳಿದಿರುವುದು ಟೈರಿನ ಗಾಳಿ. ಅದನ್ನು ನಾವು ಪರೀಕ್ಷಿಸುವ ವಿಧಾನವೆಂದರೆ ಚಪ್ಪಲಿ ಕಾಲಿನಿಂದ ಒಮ್ಮೆ ಒದೆಯುವುದು, "ಐತಿ ಬಿಡು" ಎನ್ನುವುದು. ಉಷ್ಣಾಂಶ ಐದಾರು ಡಿಗ್ರಿ ಇಳಿದರೆ ಟೈರಿನ ಒತ್ತಡ ಸುಮಾರು 1 ಪಿ.ಎಸ್.ಐ. ಇಳಿಯುತ್ತದೆ. ಮಟಮಟ ಮಧ್ಯಾಹ್ನ ಕಾದ ಟೈರಿಗೆ ಸರಿಯಾಗಿ 33 ಹಾಕಿಸಿದವನ ಗಾಡಿ ಡಿಸೆಂಬರಿನ ಬೆಳಗ್ಗೆ 29ರ ಮೇಲೆ ನಿಂತಿರಬಹುದು. ಅಮೆರಿಕದವರ ಲೆಕ್ಕದಲ್ಲಿ ಒಂದೊಂದು ಪಿ.ಎಸ್.ಐ.ಗೆ ಶೇ 0.2ರಷ್ಟು ಮೈಲೇಜು ಹೋಗುತ್ತದೆ. ಸಣ್ಣ ಅಂಕಿ, ಒಪ್ಪೋಣ; ಪಾಯಿಂಟ್ ಏಳು ಐದಕ್ಕೆ ಜಗಳ ತೆಗೆಯುವವರಿಗೆ ಸಣ್ಣದಲ್ಲ. ಟೈರು ಅಂಚಿನಲ್ಲಿ ಸವೆಯುವುದು ಇದಕ್ಕಿಂತ ದೊಡ್ಡ ಖರ್ಚು.

ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಯಾವ ಅಳತೆಯ ಟೈರು, ಎಷ್ಟು ಮಂದಿಗೆ ಎಷ್ಟು ಗಾಳಿ ಎಂದು ಅದರಲ್ಲಿದೆ. ನಾಳೆ ಬೆಳಗ್ಗೆ ಗಾಡಿ ಓಡಿ ಬಿಸಿಯಾಗುವ ಮೊದಲು, ಹತ್ತಿರದ ಪಂಪಿಗೆ ಹೋಗಿ ಆ ಚೀಟಿಯಲ್ಲಿದ್ದಷ್ಟು ಗಾಳಿ ಹಾಕಿಸಿಕೊಳ್ಳಿ. ದುಡ್ಡು ಕೊಡಬೇಕಿಲ್ಲ, ಪೆಟ್ರೋಲ್ ಪಂಪಿನಲ್ಲಿ ಗಾಳಿ ಪುಕ್ಕಟೆ, ಮತ್ತು ಅದರಲ್ಲಿ ಇನ್ನೂ ಎಥೆನಾಲ್ ಬೆರೆಸಿಲ್ಲ.