ಮೂವತ್ತೊಂದನೇ ಮಗು: ಒಂದು ಹಳಿತುಂಡಿನ ಸಂದರ್ಶನ

ಬೀರೂರಿನಲ್ಲಿ ರೈಲುದಾರಿ ಕವಲೊಡೆಯುತ್ತದೆ: ಒಂದು ತರೀಕೆರೆಯ ಕಡೆಗೆ, ಇನ್ನೊಂದು ಅಜ್ಜಂಪುರದ ಕಡೆಗೆ. ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಸಿದ ಮೇಲೆ ಹಳೆಯ ಹಳಿಗಳು ಗುಜರಿ ಸೇರಿದವು. ಒಂದು ತುಂಡು ಮಾತ್ರ ಶಾಲೆಯ ಜಗಲಿಯಲ್ಲಿ ಗಂಟೆಯಾಗಿ ನೇತುಬಿತ್ತು ಎಂದಿಟ್ಟುಕೊಳ್ಳಿ. ಶಾಲೆ ಕಲ್ಪನೆಯದು, ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಎಲ್ಲಿಯಾದರೂ ಇರಬಹುದು. ಮಕ್ಕಳು 31. ಹಣದ ಲೆಕ್ಕ ಮಾತ್ರ ಕಲ್ಪನೆಯದಲ್ಲ. ಹೊಡೆದರಷ್ಟೇ ಮಾತಾಡುವುದು ಹಳಿಯ ಅಭ್ಯಾಸ, ಹಾಗಾಗಿ ಪ್ರಶ್ನೆಗಳು ಕೊಂಚ ಜೋರಾಗಿವೆ.

ಪ್ರಶ್ನೆ: ಬೆಳಿಗ್ಗೆ ಬಾರಿಸಿದ ಕೂಡಲೇ ನಿಮ್ಮ ಕಣ್ಣು ಎಲ್ಲಿಗೆ ಹೋಗುತ್ತದೆ?

ಹಳಿ: ಗೇಟಿನ ಕಡೆಗೆ, ಸ್ವಾಮಿ. ಮೂವತ್ತೊಂದನೇ ಮಗು ಬಂತೋ ಇಲ್ಲವೋ ಎಂದು. ಸಮಗ್ರ ಶಿಕ್ಷಾ ಯೋಜನೆಯ ಶಾಲಾ ಅನುದಾನ ತಲೆಯೆಣಿಕೆಯ ಮೇಲೆ ನಿಂತಿದೆ. 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ. 31ರಿಂದ 100ರವರೆಗೆ 25,000. ಅಲ್ಲಿಗೆ ಆ ಒಂದು ಮಗುವಿನ ಬೆಲೆ 15,000 ಆಯಿತು. ಅದಕ್ಕೆ ಜ್ವರ ಬಂದರೆ ಎರಡು ದಿನ ಮಲಗಿ ಏಳುತ್ತದೆ, ಅದು ಟಿ.ಸಿ. ತಗೊಂಡು ಹೋದರೆ ಶಾಲೆಯೇ ವರ್ಷಪೂರ್ತಿ ಮಲಗುತ್ತದೆ. ಹತ್ತು ಸಾವಿರದಲ್ಲಿ ಹತ್ತನೇ ಒಂದು ಪಾಲನ್ನಾದರೂ ಸ್ವಚ್ಛತೆಗೆ ಎತ್ತಿಡಬೇಕು. ಮಿಕ್ಕದ್ದನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 750. ಸೀಮೆಸುಣ್ಣ, ರಿಜಿಸ್ಟರು, ಸೋರುವ ನಲ್ಲಿ, ಒಡೆದ ಹೆಂಚು, ಆಟದ ಚೆಂಡು ಎಲ್ಲವೂ ಅದರಲ್ಲೇ. ಇಡೀ ಶಾಲೆಯಲ್ಲಿ ರಿಪೇರಿ ಕೇಳದವನು ನಾನೊಬ್ಬನೇ. ಅದಕ್ಕೇ ನನ್ನನ್ನು ಇಟ್ಟುಕೊಂಡಿದ್ದಾರೆ.

ಪ್ರಶ್ನೆ: ಮಕ್ಕಳು ಕಡಿಮೆಯಾದರೆ ಖರ್ಚೂ ಕಡಿಮೆ ತಾನೆ?

ಹಳಿ: ಈ ಪ್ರಶ್ನೆಯನ್ನು ಹಳಿಗೆ ಕೇಳುತ್ತೀರಾ? ಬೋಗಿಯಲ್ಲಿ ಒಬ್ಬನೇ ಕೂತಿದ್ದರೂ ಕಂಬಿ ಎರಡು ಬೇಕು. ಪ್ರಯಾಣಿಕರು ಕಮ್ಮಿ ಎಂದು ಒಂದೇ ಕಂಬಿ ಹಾಸಿದ ರೈಲ್ವೆಯನ್ನು ನಾನು ಕಂಡಿಲ್ಲ. ಮಳೆ ಹಾಜರಿ ಪುಸ್ತಕ ನೋಡಿ ಸುರಿಯುವುದಿಲ್ಲ. ಮೂವತ್ತು ಮಕ್ಕಳ ಸೂರಿಗೂ ಅರವತ್ತು ಮಕ್ಕಳ ಸೂರಿಗೂ ಬೀಳುವ ನೀರು ಒಂದೇ. ಮೊಟ್ಟೆ, ಹಾಲು, ಸಮವಸ್ತ್ರ, ಪುಸ್ತಕಗಳನ್ನು ತಲೆ ಎಣಿಸಿ ಕೊಡಲಿ, ಅದೇ ನ್ಯಾಯ. ಹೆಂಚನ್ನೂ ತಲೆ ಎಣಿಸಿ ಕೊಡುವುದು ಯಾವ ನ್ಯಾಯ? ಸರ್ಕಾರಕ್ಕೆ ಇದು ಗೊತ್ತಿಲ್ಲ ಎಂದೇನೂ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಯ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಮೇಷ್ಟ್ರು ಇರಬೇಕು. ಹದಿನೈದೇ ಮಕ್ಕಳಿದ್ದಾರೆ ಎಂದು ಅರ್ಧ ಮೇಷ್ಟ್ರನ್ನು ಕಳಿಸಿ ಎಂದು ಅದು ಹೇಳಿಲ್ಲ. 2023ರ ನವೆಂಬರ್ 1ರಂದು ಸರ್ಕಾರಿ ಶಾಲೆಗಳಿಗೆ ಕರೆಂಟು, ನೀರು ಉಚಿತ ಎಂದು ಮುಖ್ಯಮಂತ್ರಿಗಳು ಘೋಷಿಸಿದಾಗಲೂ ತಲೆ ಎಣಿಸಲಿಲ್ಲ. ಮೇಷ್ಟ್ರಿಗೆ ಒಂದು ಕನಿಷ್ಠ ಮಿತಿ ಉಂಟು, ಬಲ್ಬಿಗೆ ಉಂಟು. ಸೂರಿಗೆ ಮಾತ್ರ ಇಲ್ಲ.

ಪ್ರಶ್ನೆ: ಹತ್ತು ಸಾವಿರವನ್ನು ಹಿಡಿದು ಅಳುತ್ತೀರಿ. ಸಂಬಳ, ಬಿಸಿಯೂಟಕ್ಕೆ ಸುರಿಯುವ ಹಣ ಕಣ್ಣಿಗೆ ಬೀಳಲಿಲ್ಲವೇ?

ಹಳಿ: ಬಿದ್ದಿದೆ. ಸರ್ಕಾರದ ಶಾಲಾ ಖರ್ಚಿನಲ್ಲಿ ದೊಡ್ಡ ಪಾಲು ಸಂಬಳದ್ದೇ, ಒಪ್ಪಿದೆ. ಆದರೆ ಸಂಬಳದ ಹಣದಲ್ಲಿ ರೀಪು ಬದಲಿಸಲಾಗದು, ಬಿಸಿಯೂಟದ ಅಕ್ಕಿಯಲ್ಲಿ ಬಾವಿಯ ಹಗ್ಗ ಕೊಳ್ಳಲಾಗದು. ಹೆಡ್‌ಮಾಸ್ಟರ ಕೈಗೆ ಬಂದು, ಶಾಲಾ ಸಮಿತಿಯಾದ ಎಸ್‌ಡಿಎಂಸಿಯ ಜತೆ ಕೂತು ಅವರೇ ಯೋಚಿಸಿ ಖರ್ಚು ಮಾಡುವ ದುಡ್ಡು ಅಂತ ಇರುವುದು ಹೆಚ್ಚುಕಮ್ಮಿ ಈ ಅನುದಾನ ಒಂದೇ. ಸೂರು ಸೋರುವ ಶಾಲೆಯಿಂದ ಅಪ್ಪ ಅಮ್ಮ ಮಗುವನ್ನು ಬಿಡಿಸಿ ಖಾಸಗಿ ಶಾಲೆಯ ಹಳದಿ ವ್ಯಾನು ಹತ್ತಿಸುತ್ತಾರೆ. ಒಂದು ತಲೆ ಹೋಯಿತು ಎಂದು ಅನುದಾನ ಇಳಿಯುತ್ತದೆ. ಅನುದಾನ ಇಳಿದದ್ದಕ್ಕೆ ಸೂರು ಇನ್ನಷ್ಟು ಸೋರುತ್ತದೆ. ಆಮೇಲೆ ಒಂದು ಸಮಿತಿ ಬಂದು, ಮಕ್ಕಳು ಯಾಕೆ ಕಡಿಮೆಯಾದರು ಎಂದು ಸಮೀಕ್ಷೆ ಮಾಡುತ್ತದೆ. ಅವರಿಗೆ ಕಾಫಿ ತರಿಸುವ ದುಡ್ಡೂ ಆ 750ರಲ್ಲೇ ಇರಬೇಕು, ನನಗೆ ಗುಮಾನಿ.

ಪ್ರಶ್ನೆ: ಹಾಗಿದ್ದರೆ ಸಣ್ಣ ಶಾಲೆಗಳನ್ನು ಸೇರಿಸಿ ಒಂದು ದೊಡ್ಡ ಕರ್ನಾಟಕ ಪಬ್ಲಿಕ್ ಶಾಲೆ ಮಾಡಿದರೆ ಮುಗಿಯಿತಲ್ಲ?

ಹಳಿ: ಆ ವಾದವನ್ನು ನಾನು ನಕ್ಕು ತಳ್ಳಿಹಾಕುವುದಿಲ್ಲ. ಎಂಟು ಮಕ್ಕಳು, ಐದು ತರಗತಿ, ಒಬ್ಬರೇ ಮೇಷ್ಟ್ರು ಎಂದರೆ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೆಯವರೆಗೆ ಒಟ್ಟಿಗೆ ಕೂರಿಸಬಹುದು, ನಾಲ್ಕು-ಐದರ ಗತಿ? ದೊಡ್ಡ ಶಾಲೆಯಲ್ಲಿ ತರಗತಿಗೊಬ್ಬರು ಮೇಷ್ಟ್ರು, ಪ್ರಯೋಗಾಲಯ, ಆಟದ ಬಯಲು ಸಿಗುವುದಾದರೆ ಬೇಡ ಎನ್ನಲು ನಾನು ಯಾರು? ಆದರೆ ಒಂದರಿಂದ ಐದನೇ ತರಗತಿಯ ಮಗುವಿಗೆ ಒಂದು ಕಿಲೋಮೀಟರಿನೊಳಗೆ ಶಾಲೆ ಇರಬೇಕು ಎಂದು ರಾಜ್ಯದ ನಿಯಮವೇ ಹೇಳುತ್ತದೆ. ಯಗಟಿ, ಪಂಚನಹಳ್ಳಿ ಕಡೆಯ ಬಯಲಿನಲ್ಲಿ ಆರು ವರ್ಷದ ಮಗು ಬಿಸಿಲಲ್ಲಿ ಎಷ್ಟು ದೂರ ನಡೆದೀತು? ಬಸ್ಸು ಬಿಡುತ್ತೇವೆ ಎನ್ನಿ, ಸಂತೋಷ. ಡೀಸೆಲ್ಲು, ಡ್ರೈವರು, ಟೈರಿನ ಖರ್ಚನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಮುಚ್ಚಿದ ಶಾಲೆಯ ಉಳಿತಾಯವನ್ನು ಒಂದು ಕಡತದಲ್ಲಿ, ಬಸ್ಸಿನ ಖರ್ಚನ್ನು ಇನ್ನೊಂದು ಕಡತದಲ್ಲಿ ಇಟ್ಟರೆ ಯಾವ ಶಾಲೆ ಮುಚ್ಚಿದರೂ ಲಾಭವೇ ಕಾಣುತ್ತದೆ. ಬಸ್ಸು ಮೊದಲು ಬರಲಿ, ಬೀಗ ಆಮೇಲೆ.

ಪ್ರಶ್ನೆ: ಊರವರು ಕೈ ಜೋಡಿಸಬಹುದಲ್ಲ?

ಹಳಿ: 2022ರ ಅಕ್ಟೋಬರಿನಲ್ಲಿ ಪೋಷಕರಿಂದ ತಿಂಗಳಿಗೆ ನೂರು ರೂಪಾಯಿ ದೇಣಿಗೆ ಪಡೆಯಬಹುದು ಎಂಬ ಸುತ್ತೋಲೆ ಬಂತು, ಗಲಾಟೆಯಾಗಿ, ಬಂದ ದಾರಿಯಲ್ಲೇ ವಾಪಸ್ ಹೋಯಿತು. ದಾನಿಗಳು ಇಲ್ಲವೆಂದಲ್ಲ. ಆದರೆ ದಾನ ನೀರಿನ ಹಾಗೆ, ನಾಲೆ ಇದ್ದಲ್ಲಿ ಮಾತ್ರ ಹರಿಯುತ್ತದೆ. ಲಕ್ಕವಳ್ಳಿ ಕಡೆ ನಾಲೆ ಹರಿದು ಅಡಿಕೆ ಬೆಳೆವ ಊರಿನ ಶಾಲೆಗೆ ಗೇಟು, ಕಮಾನು, ದಾನಿಯ ಹೆಸರಿನ ಕಲ್ಲು ಬಂದೀತು. ಮಳೆ ಕೈಕೊಟ್ಟು ರಾಗಿಯೂ ಒಣಗಿದ ವರ್ಷ ಕಡೂರಿನ ಬಯಲಿನವರು ಏನು ಕೊಟ್ಟಾರು? ಹಣ ಯಾವ ಊರಿಗೆ ಹೆಚ್ಚು ಬೇಕೋ ಆ ಊರಿನಲ್ಲೇ ದಾನಿ ಕಮ್ಮಿ.

ಪ್ರಶ್ನೆ: ರಾಜ್ಯ ಶಿಕ್ಷಣ ನೀತಿ ಆಯೋಗದ ವರದಿ ಬಂದಿದೆಯಲ್ಲ, ಸಮಾಧಾನವಿಲ್ಲವೇ?

ಹಳಿ: 2025ರ ಆಗಸ್ಟಿನಲ್ಲಿ ಸುಖದೇವ್ ಥೋರಟ್ ಅವರ ಆಯೋಗ ವರದಿ ಕೊಟ್ಟಿತು. ಐದನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲಿ ಕಲಿಸಿ ಎಂದಿತು, ಎರಡು ಭಾಷೆ ಸಾಕು ಎಂದಿತು. ಅದರ ಬಗ್ಗೆ ಮಾತಾಡಿದ್ದೇ ಮಾತಾಡಿದ್ದು. ಯಾವ ಭಾಷೆಯಲ್ಲಿ ಹೇಳಿಕೊಟ್ಟರೂ ತಲೆ ಮೇಲೆ ಸೂರು ಬೇಕು ಎನ್ನುವುದು ಯಾಕೋ ಚರ್ಚೆಗೆ ಬರುವುದಿಲ್ಲ. ದುಡ್ಡಿನ ಮಾತಿಗೆ ಬಂದರೆ, ರಾಷ್ಟ್ರೀಯ ಆದಾಯದ ಶೇ 6ರಷ್ಟನ್ನು ಶಿಕ್ಷಣಕ್ಕೆ ಕೊಡಿ ಎಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. 1968ರ ರಾಷ್ಟ್ರೀಯ ಶಿಕ್ಷಣ ನೀತಿ ಅದನ್ನು ಒಪ್ಪಿತು, 1986ರದ್ದೂ ಒಪ್ಪಿತು, 2020ರದ್ದೂ ಒಪ್ಪಿತು. ಮಗ್ಗಿಯನ್ನು ಇಷ್ಟು ವರ್ಷ ಒಪ್ಪಿಸಿದ ಮಕ್ಕಳನ್ನು ನಮ್ಮ ಮೇಷ್ಟ್ರು ಎಂದೋ ಪಾಸು ಮಾಡುತ್ತಿದ್ದರು. ನಾನು ಕೇಳುವುದು ಅಷ್ಟು ದೊಡ್ಡದಲ್ಲ: ಎಷ್ಟೇ ಮಕ್ಕಳಿರಲಿ, ಶಾಲೆ ತೆರೆದಿರುವವರೆಗೆ ಸೂರಿಗೊಂದು ನಿಗದಿ ಮೊತ್ತ, ಅದರ ಮೇಲೆ ಬೇಕಾದರೆ ತಲೆ ಎಣಿಸಿ.

ಪ್ರಶ್ನೆ: ಮಾತಿನ ನಡುವೆ ಮತ್ತೆ ಮತ್ತೆ ಗೇಟಿನ ಕಡೆ ನೋಡುತ್ತಿದ್ದೀರಿ.

ಹಳಿ: ಕಾಫಿ ಕೊಯ್ಲು ಶುರುವಾಯಿತಲ್ಲ. ಆ ಮಗುವಿನ ಅಪ್ಪ ಅವ್ವ ಘಟ್ಟದ ಮೇಲಿನ ತೋಟಕ್ಕೆ ಹೊರಟಿದ್ದಾರೆ. ಅಜ್ಜಿ ಮನೆಯಲ್ಲಿ ಬಿಟ್ಟು ಹೋಗುತ್ತಾರೋ, ಕರಕೊಂಡೇ ಹೋಗುತ್ತಾರೋ, ಸೋಮವಾರ ಗೊತ್ತಾಗುತ್ತದೆ.