ಡಿಮ್ಯಾಂಡ್ ಮಾಮ

ಮಳೆ ಯಾವಾಗ ಬರುತ್ತದೆ, ಚಿನ್ನ ಇಳಿಯುತ್ತದೋ ಏರುತ್ತದೋ, ಈ ಸಲ ಎಮ್ಮೆಲ್ಲೆ ಯಾರು, ಇದನ್ನೆಲ್ಲ ಹೇಳಬಲ್ಲವರು ಯಾವ ಊರಿನ ಟೀ ಅಂಗಡಿಯಲ್ಲೂ ಸಿಗುತ್ತಾರೆ. ಸೇಲಂ ಜಿಲ್ಲೆಯ ಕಡಯಂಪಟ್ಟಿಯ ನಮ್ಮ ಮಾಮನೂ ಆ ಕುಲದವರೇ. ಇಲಾಖೆ ಮಾತ್ರ ಬೇರೆ. ಹಾಲಿವುಡ್ಡಿನಲ್ಲಿ ಇನ್ನೂ ಶೂಟಿಂಗ್ ನಡೆಯುತ್ತಿರುವ ಬಾಹ್ಯಾಕಾಶದ ಸಿನಿಮಾದಲ್ಲಿ ಯಾವ ಪಾತ್ರದ ಆಕ್ಷನ್ ಫಿಗರ್‌ಗೆ ಸಂಗ್ರಹಕಾರರು ಮುಗಿಬೀಳುತ್ತಾರೆ ಅನ್ನುವುದನ್ನು, ಓಮಲೂರಿನ ಬಸ್ ಬರುವಷ್ಟರಲ್ಲಿ, ಒಂದು ತಟ್ಟುವಡೆ ಸೆಟ್ ಮುಗಿಸುತ್ತಾ ಹೇಳಿಬಿಡುತ್ತಾರೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಬೊಂಬೆ ವಿಷಯ ಬಂದರೆ ಮಾತ್ರ ‘ಲಿಮಿಟೆಡ್’, ‘ಎಕ್ಸ್‌ಕ್ಲೂಸಿವ್’, ‘ಮಿಂಟ್ ಕಂಡೀಷನ್’.

ಮಾಮನ ಮೂಲ ಕಸುಬು ಮರಗೆಣಸಿನ ದಲ್ಲಾಳಿತನ. ಸುತ್ತಲಿನ ಹೊಲಗಳಿಂದ ಗೆಣಸು ಕೀಳಿಸಿ ಸಬ್ಬಕ್ಕಿ ಮಿಲ್ಲುಗಳಿಗೆ ಲೋಡು ಹಾಕಿಸುವುದು. ಅಲ್ಲಿ ಬರೀ ತೂಕ ನೋಡಿ ದುಡ್ಡು ಕೊಡುವುದಿಲ್ಲ, ಗೆಣಸಿನಲ್ಲಿ ಹಿಟ್ಟು ಎಷ್ಟು ಪಾಯಿಂಟ್ ಇದೆ ಎಂದು ಪರೀಕ್ಷಿಸಿ, ಪಾಯಿಂಟಿಗೆ ಇಷ್ಟು ಅಂತ ರೇಟು ಕಟ್ಟುತ್ತಾರೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಮಾಡುವ ಅಕ್ಕನ ಮಗ ಒಮ್ಮೆ ತನ್ನ ಕೋಣೆಯಲ್ಲಿ ಡಬ್ಬ ಬಿಚ್ಚದೆ ಸಾಲಾಗಿ ಇಟ್ಟಿದ್ದ ಬೊಂಬೆಗಳನ್ನೂ ಅವುಗಳ ಬೆಲೆಯನ್ನೂ ತೋರಿಸಿದ. ಮಾಮನಿಗೆ ಜ್ಞಾನೋದಯವಾಯಿತು. ಅಂದಿನಿಂದ ಲೋಡಿನ ಲೆಕ್ಕದ ಉದ್ದ ಪುಸ್ತಕದ ಹಿಂಭಾಗದಲ್ಲಿ ಬೊಂಬೆಗಳಿಗೂ ಪಾಯಿಂಟ್ ಬೀಳತೊಡಗಿತು.

ಮುಖವಾಡ ಇದ್ದರೆ ಐದು. ಮಾತು ಕಮ್ಮಿಯಿದ್ದರೆ ಇನ್ನೈದು. ಹೀರೋ ಆದರೆ ಮೈನಸ್, ಯಾಕೆಂದರೆ ಕಂಪನಿ ಅವನನ್ನೇ ಲೋಡುಗಟ್ಟಲೆ ಅಚ್ಚು ಹಾಕುತ್ತದೆ. ಈ ಸೂತ್ರಕ್ಕೆ ಮಾಮನ ಬಳಿ ಇರುವ ಪುರಾವೆ ಬೋಬಾ ಫೆಟ್. 1980ರ ‘ಸ್ಟಾರ್ ವಾರ್ಸ್’ ಚಿತ್ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ನಲ್ಲಿ ಆ ಮುಖವಾಡದವನು ಆಡುವುದು ನಾಲ್ಕೇ ಮಾತು. ಅವನ ಬೆನ್ನಿನಿಂದ ರಾಕೆಟ್ ಹಾರುವಂಥ ಬೊಂಬೆ ಕೊಡುತ್ತೇವೆ ಎಂದು ಕೆನ್ನರ್ ಕಂಪನಿ 1979ರಲ್ಲಿ ಪ್ರಚಾರ ಮಾಡಿ, ಮಕ್ಕಳ ಗಂಟಲಿಗೆ ಸಿಕ್ಕೀತೆಂದು ಕೈಬಿಟ್ಟಿತು. ಅಂಗಡಿಯನ್ನೇ ಕಾಣದ ಆ ಬೊಂಬೆಯ ಒಂದು ಮಾದರಿ 2024ರಲ್ಲಿ ಅಮೆರಿಕದ ಹರಾಜಿನಲ್ಲಿ 5,25,000 ಡಾಲರಿಗೆ ಹೋಯಿತು.

“ನಾಲ್ಕು ಮಾತಿಗೆ ನಾಲ್ಕು ಕೋಟಿ! ನಮ್ಮನೇಲೂ ದಿನಾ ನಾಲ್ಕು ಗಂಟೆ ಮಾತು ನಡೀತದೆ, ನಾಲ್ಕು ಕಾಸಿಲ್ಲ” ಎಂದರು ಮಾಮ.

“ಆ ನಾಲ್ಕು ಗಂಟೆ ಮಾತಾಡೋದು ಯಾರೂಂತ ಅದನ್ನೂ ಹೇಳಿ” ಎಂದು ಅತ್ತೆ ಒಳಗಿನಿಂದಲೇ ಅಂದರು.

ಮಾಮನ ಭವಿಷ್ಯ ಅತ್ಯಂತ ನಿಖರವಾಗಿರುವುದು ಆಗಿಹೋದ ಸಂಗತಿಗಳ ವಿಷಯದಲ್ಲಿ. ‘ಸ್ಟಾರ್ ವಾರ್ಸ್’ ಬೊಂಬೆ ಮಾಡುವ ಹಕ್ಕನ್ನು ಮೀಗೋ ಕಂಪನಿ ಬೇಡವೆಂದು ಬಿಟ್ಟುಕೊಟ್ಟದ್ದನ್ನು ಅವರು ಇಂದಿಗೂ ಕ್ಷಮಿಸಿಲ್ಲ. ಹಕ್ಕು ಹಿಡಿದ ಕೆನ್ನರ್‌ಗೂ ಸಿನಿಮಾ ಅಷ್ಟು ಓಡುತ್ತದೆಂಬ ಅಂದಾಜಿರಲಿಲ್ಲ. 1977ರ ಕ್ರಿಸ್‌ಮಸ್‌ಗೆ ಬೊಂಬೆ ಸಿದ್ಧವಾಗಲಿಲ್ಲ. ಒಂದು ರಟ್ಟಿನ ಕವರು, ಒಳಗೊಂದು ಚೀಟಿ; ಚೀಟಿ ಅಂಚೆಗೆ ಹಾಕಿದರೆ ಮುಂದಿನ ವರ್ಷ ನಾಲ್ಕು ಬೊಂಬೆ ಕಳಿಸುತ್ತೇವೆ ಎಂದು ಅದನ್ನೇ ಮಾರಿದರು. ಜನ ಕೊಂಡರು. “ಖಾಲಿ ಡಬ್ಬ ಮಾರಿದ್ರಪ್ಪ!” ಎಂದು ಮಾಮ ಕೈ ಮುಗಿಯುವುದೊಂದು ಬಾಕಿ. 2019ರ ನವೆಂಬರಿನಲ್ಲಿ ‘ದಿ ಮ್ಯಾಂಡಲೋರಿಯನ್’ ಸರಣಿ ಬಂದಾಗಲೂ ಅಷ್ಟೇ, ಹಸಿರು ಕಿವಿಯ ಕೂಸಿನ ಗುಟ್ಟು ರಟ್ಟಾಗದಿರಲೆಂದು ನಿರ್ಮಾಪಕರು ಅದರ ಬೊಂಬೆಯನ್ನೇ ಮಾಡಿಸಿರಲಿಲ್ಲ. ಇಡೀ ಲೋಕ ಕೂಸು ಕೊಡಿ ಎಂದು ಅಳುತ್ತಿತ್ತು. “ನಾನು ಆಗ್ಲೇ ಹೇಳಿದ್ದೆ” ಎಂದು ಮಾಮ ಹೇಳಿದ್ದು ಮರುವರ್ಷ.

ಕಂಪನಿಗಳದ್ದೂ ಹಣೆಬರಹ ಇದೇ ಅನ್ನಿ. ಹಾಸ್‌ಬ್ರೋ ಎಂಬ ಆಟಿಕೆ ಕಂಪನಿ ಈಗ ದೊಡ್ಡ ಮಾಲುಗಳಿಗೆ ಮೊದಲೇ ಗಿರಾಕಿ ಕೂಡಿಸಿಕೊಂಡು ಆಮೇಲೆ ಅಚ್ಚು ಹಾಕುತ್ತದೆ. 2020ರಲ್ಲಿ ‘ರೇಜರ್ ಕ್ರೆಸ್ಟ್’ ಎಂಬ ಗಗನನೌಕೆಗೆ 6,000 ಜನ ಸಾಕೆಂದರು, 28,000 ದಾಟಿ ಬಂದರು. ಮರುವರ್ಷ ‘ರ್‍ಯಾಂಕರ್’ ಎಂಬ ರಾಕ್ಷಸ ಪ್ರಾಣಿಗೆ 9,000 ಬೇಕೆಂದರು, ಅಷ್ಟು ಜನ ಬರಲೇ ಇಲ್ಲ. ಅಷ್ಟು ದೊಡ್ಡ ಕಂಪನಿಗೇ ತಿಳಿಯದ್ದು ಕಡಯಂಪಟ್ಟಿಗೆ ತಿಳಿಯುತ್ತದೆಯೇ ಎಂದರೆ, ಮಾಮನ ಉತ್ತರ: “ಅವರು ಪಾಯಿಂಟ್ ನೋಡಲ್ಲ.”

ವಿಚಿತ್ರವೆಂದರೆ, ಮರಗೆಣಸಿನ ವಿಷಯದಲ್ಲಿ ಮಾಮನಷ್ಟು ಎಚ್ಚರದ ಮನುಷ್ಯ ಇನ್ನೊಬ್ಬರಿಲ್ಲ. ರೇಟು ಏರಿದ ವರ್ಷ ಎಲ್ಲರೂ ಗೆಣಸು ನೆಡುತ್ತಾರೆ, ಹತ್ತು ತಿಂಗಳಾದ ಮೇಲೆ ಎಲ್ಲರ ಲೋಡೂ ಒಟ್ಟಿಗೆ ಮಿಲ್ಲಿನ ಮುಂದೆ ನಿಲ್ಲುತ್ತದೆ, ಕೇಳುವವರಿರುವುದಿಲ್ಲ. ಇದನ್ನು ಅವರು ನಿದ್ದೆಯಲ್ಲೂ ಹೇಳುತ್ತಾರೆ. ಬೊಂಬೆಯ ಕಥೆಯೂ ಬೇರೆಯೇನಲ್ಲ. ಹಳೇ ಬೊಂಬೆಗೆ ಬೆಲೆ ಬಂದದ್ದು ಮಕ್ಕಳು ಅವನ್ನು ಮಣ್ಣಲ್ಲಿ ಹೂತು, ತಲೆ ಕಿತ್ತು, ಕಳೆದುಹಾಕಿದ್ದರಿಂದ. ಆ ಬೆಲೆ ಕಂಡು 1995ರ ಮೇಲೆ ಬಂದ ಬೊಂಬೆಗಳನ್ನು ದೊಡ್ಡವರು ಡಬ್ಬದ ಸಮೇತ ಎತ್ತಿಟ್ಟರು. 1999ರ ‘ದಿ ಫ್ಯಾಂಟಮ್ ಮೆನೇಸ್’ ಚಿತ್ರದ ಹೊತ್ತಿಗೆ ಮಧ್ಯರಾತ್ರಿ ಅಂಗಡಿ ಮುಂದೆ ಸಾಲು ನಿಂತು ಕೊಂಡರು. ಎಲ್ಲರ ಅಟ್ಟದಲ್ಲೂ ಇರುವ ವಸ್ತುವನ್ನು ಕೊಳ್ಳುವವರು ಯಾರು? ಇದನ್ನು ನಾನು ಮಾಮನಿಗೆ ವಿವರಿಸಿದೆ. “ಗೆಣಸು ಕೊಳೀತದೆ ಕಣಪ್ಪ, ಪ್ಲಾಸ್ಟಿಕ್ ಕೊಳೆಯಲ್ಲ” ಎಂದುಬಿಟ್ಟರು.

ಹೀಗಿರುವಾಗ ಅವರು ಒಂದು ಪೆಟ್ಟಿಗೆ ಮಾಲು ತರಿಸಿಯೇಬಿಟ್ಟರು. ಯಾವುದೋ ಹೊಸ ಸಿನಿಮಾದ ಹಸಿರು ಮುಖವಾಡದ ಸೇನಾಪತಿ, ಹನ್ನೆರಡು ಪೀಸು. ಆಟಿಕೆಯ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೂ 2023ರಲ್ಲಿ 70ಕ್ಕೂ ಏರಿದೆಯೆಂದು ಅಕ್ಕನ ಮಗ ಬಡಿದುಕೊಂಡ. ಸಿನಿಮಾ ಬಂತು. ಸೇನಾಪತಿಯ ದೃಶ್ಯವನ್ನೆಲ್ಲ ಎಡಿಟಿಂಗಿನಲ್ಲೇ ತೆಗೆದುಹಾಕಿದ್ದರು. ನಾವು ಸಮಾಧಾನ ಹೇಳಲು ಹೋದರೆ ಮಾಮನ ಮುಖ ಅರಳಿತ್ತು.

“ಒಂದು ಮಾತೂ ಇಲ್ಲ! ಬೋಬಾ ಫೆಟ್‌ಗಿಂತ ನಾಲ್ಕು ಕಮ್ಮಿ!”

ಹನ್ನೆರಡು ಸೇನಾಪತಿಗಳು ಗೋಡೌನಿನಲ್ಲಿ ಗೋಣಿಚೀಲಗಳ ಹಿಂದೆ ಬಿಳಿ ಬಟ್ಟೆ ಹೊದ್ದು ಕುಳಿತರು. ನವರಾತ್ರಿ ಬಂತು. ಪ್ರತಿ ವರ್ಷ ಬೊಂಬೆ ಕೂರಿಸುವ ಕೊಲುವಿಗೆ ಒಂದಾದರೂ ಹೊಸ ಬೊಂಬೆ ಸೇರಬೇಕು. ಅತ್ತೆಗೆ ಸೇಲಂಗೆ ಹೋಗಲು ಪುರುಸೊತ್ತಾಗಲಿಲ್ಲ. ಕತ್ತರಿ ತಂದು ಒಂದು ಡಬ್ಬ ಬಿಚ್ಚಿದರು. ಅಕ್ಕಿ, ಬೇಳೆ, ಬೆಲ್ಲ ಹರವಿಕೊಂಡು ಕೂತ ಚೆಟ್ಟಿಯಾರ್ ದಂಪತಿಯ ಪಕ್ಕದಲ್ಲಿ, ಸಾಲ ವಸೂಲಿಗೆ ಬಂದವನ ಭಂಗಿಯಲ್ಲಿ ಸೇನಾಪತಿ ನಿಂತ. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು ಸುಂಡಲ್ ಮರೆತು ಅವನನ್ನೇ ನೋಡಿದರು.

“ಯಾರಕ್ಕ ಇವನು, ಮಹಿಷಾಸುರನ ತಮ್ಮನಾ? ಮಗು ಬೇಕೂಂತ ಹಟ ಮಾಡ್ತಿದೆ, ಎಲ್ಲಿ ಸಿಗ್ತದೆ?”

“ನಮ್ಮ ಗೋಡೌನಲ್ಲೇ” ಎಂದರು ಅತ್ತೆ. ಇನ್ನೂರು ರೂಪಾಯಿ, ಚೌಕಾಸಿ ಮಾಡಿದವರಿಗೆ ನೂರೈವತ್ತು. ಆಯುಧಪೂಜೆಗೆ ಗೋಡೌನು ತೊಳೆಯಲು ಹೋದ ಮಾಮನಿಗೆ ಬಿಳಿ ಬಟ್ಟೆ ಮಾತ್ರ ಸಿಕ್ಕಿತು.

ಮನೆಯಲ್ಲಿ ರಾಮಾಯಣ ಆಗುತ್ತದೆಂದು ನಾವು ಕಾದೆವು. ಮಾಮ ಉದ್ದ ಪುಸ್ತಕ ತೆಗೆದು ಏನೋ ಗೀಚಿದರು. ಹನ್ನೊಂದು ಪೀಸು ಮಕ್ಕಳ ಕೈಗೆ ಹೋಗಿವೆ, ದೀಪಾವಳಿಗೆ ಮುಂಚೆ ಅಷ್ಟಕ್ಕೂ ಕೈಕಾಲು ಇರುವುದಿಲ್ಲ, ಅಂದರೆ ಮಾರುಕಟ್ಟೆಯಲ್ಲಿ ಮಾಲು ಕಮ್ಮಿ, ಅಂದರೆ ರೇಟು ಏರಲೇಬೇಕು. ಮರುದಿನ ಬೆಳಗ್ಗೆಯೇ ಬೀದಿಗಿಳಿದು, ಒಂದಕ್ಕೆ ಐನೂರು ಕೊಟ್ಟು ವಾಪಸು ಕೊಳ್ಳಲು ಮನೆಮನೆ ಸುತ್ತಿದರು. ಒಂದು ಮಗುವೂ ಕೊಡಲಿಲ್ಲ. “ಡಬ್ಬ ಬೇಕಾದ್ರೆ ಬಿದ್ದಿದೆ, ತಗೊಂಡು ಹೋಗಿ” ಎಂದರು ಮೂರನೇ ಮನೆಯವರು.

ಮಾಮ ಒಂದು ಕ್ಷಣ ಯೋಚಿಸಿದರು. 1977 ನೆನಪಾಗಿರಬೇಕು.

“ಎಷ್ಟು ಹೇಳ್ತೀರಿ?” ಎಂದರು.